ಗೊತ್ತಿದ್ದವರ ಹೆಸರು ಕೇಳುವುದು

ಒಂದು ಕಣ್ಣಿಗೆ ರಕ್ತ ಕೆಂಪಾಗಿ ಕಾಣುತ್ತಿತ್ತು, ಇನ್ನೊಂದಕ್ಕೆ ಇಲ್ಲ. ನನ್ನ ಕಾಯಿಲೆ ನನಗೆ ಮೊದಲು ಗೊತ್ತಾದದ್ದು ಹೀಗೆ.

ಅಂಕೋಲೆ ಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರು ಬರೆಯುವುದು, ಯಂತ್ರಕ್ಕೆ ಹಾಕುವುದು, ಸ್ಲೈಡು ನೋಡುವುದು ನನ್ನ ಕೆಲಸ. ಅಂದು ಆಗಷ್ಟೇ ತೆಗೆದ ರಕ್ತವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೆ. ಬಲಗಣ್ಣು ತುರಿಸಿತು, ಮುಚ್ಚಿ ಉಜ್ಜಿಕೊಂಡೆ. ಎಡಗಣ್ಣೊಂದರಲ್ಲೇ ನೋಡಿದಾಗ ಟ್ಯೂಬಿನಲ್ಲಿದ್ದುದು ರಕ್ತದ ಬಣ್ಣವಾಗಿರಲಿಲ್ಲ. ಬಹಳ ಸಲ ಒಗೆದ ಕೆಂಪು ಸೀರೆಯ ಬಣ್ಣವಾಗಿತ್ತು. ಬಲಗಣ್ಣು ತೆರೆದೆ, ರಕ್ತ ಮತ್ತೆ ರಕ್ತವಾಯಿತು. ಇದು ಕಣ್ಣಿನ ದೋಷ ಎಂದು ನನಗೆ ತೋಚಲಿಲ್ಲ. ಕಿಟಕಿಯ ಗಾಜು ಒರೆಸಿದೆ. ಮೈಕ್ರೋಸ್ಕೋಪಿನಲ್ಲೂ ಮಸುಕು ಕಂಡಾಗ ಅದರ ಲೆನ್ಸು ಒರೆಸಿದೆ. ಮತ್ತೆ ಒರೆಸುತ್ತಿದ್ದಾಗ ಲ್ಯಾಬಿನ ಒಡತಿ ಡಾಕ್ಟರ್ ಮಮತಾ ಬಂದು ತಾವೇ ಒಮ್ಮೆ ನೋಡಿ, "ಶೈಲಾ, ಲೆನ್ಸ್ ಸರಿ ಅದೆ. ಬಾ ಇಲ್ಲಿ, ನಿನ್ನ ಕಣ್ಣ್ ನೋಡ್ತೆ" ಅಂದರು.

ಅಲ್ಲಿಂದ ಕಾರವಾರದ ಕಣ್ಣಿನ ಡಾಕ್ಟರ ಬಳಿಗೆ, ಅಲ್ಲಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ. ತಲೆಯ ಸ್ಕ್ಯಾನು ಮಾಡಿದರು, ಬೆನ್ನುಮೂಳೆಯ ಸಂದಿನಿಂದ ನೀರು ತೆಗೆದರು. ಇಷ್ಟು ವರ್ಷ ನಾನು ಇನ್ನೊಬ್ಬರಿಗೆ "ಅಲ್ಲಾಡ್ಬೇಡಿ, ಈಗ ಮುಗೀತದೆ" ಎಂದು ಹೇಳಿದವಳು. ಅದು ಎಷ್ಟು ಟೊಳ್ಳು ಮಾತು ಎಂದು ಆ ಮೇಜಿನ ಮೇಲೆ ಮುದುಡಿ ಮಲಗಿದಾಗ ತಿಳಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನನ್ನ ಗಂಡ ರೋಹಿದಾಸ ಆ ಹೆಸರನ್ನು ಬಾಯಲ್ಲಿ ಹೊರಳಿಸಲು ನೋಡಿ, ಆಗದೆ, "ಔಷಧ ಅದ್ಯಾ?" ಎಂದಷ್ಟೇ ಕೇಳಿದರು. "ಮುಂದೆ ಹೋಗದ ಹಾಗೆ ತಡೀಲಿಕ್ಕೆ ಉಂಟು. ಆದದ್ದನ್ನು ಅಳಿಸ್ಲಿಕ್ಕೆ ಇಲ್ಲ" ಎಂದರು ನರರೋಗದ ಡಾಕ್ಟರು.

ನಮ್ಮ ಮನೆ ಕಾರವಾರದ ಬೈತಖೋಲದಲ್ಲಿ, ಬಂದರಿನ ಮೇಲ್ಬದಿಯ ಏರಿನಲ್ಲಿ. ರೋಹಿದಾಸ ಒಂದು ಮೀನುಗಾರಿಕೆ ಬೋಟಿನ ತಾಂಡೇಲ. ಬೋಟು ನಡೆಸುವವರು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವರು. ಮನೆಯಲ್ಲಿ ನಾವಿಬ್ಬರು ಮತ್ತು ಅವರ ತಾಯಿ. ನಾನೂ ಅವರನ್ನು ಆಯಿ ಎಂದೇ ಕರೆಯುತ್ತೇನೆ. ಮನೆಯ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೂಜಿಮದ್ದನ್ನು ಫ್ರಿಜ್ಜಿನಲ್ಲಿ ಇಡಬೇಕಿತ್ತು. ನಮ್ಮ ಫ್ರಿಜ್ಜೆಂದರೆ ಮೀನಿನದೇ ರಾಜ್ಯ. ಮೊದಲ ದಿನ ಆಯಿ ಬಾಗಿಲು ತೆರೆದು ಮದ್ದಿನ ಪೆಟ್ಟಿಗೆಯನ್ನೂ ಪಕ್ಕದ ಬಾಂಗಡೆ ಡಬ್ಬಿಯನ್ನೂ ನೋಡುತ್ತಾ ನಿಂತರು. ಆಮೇಲೆ ಮೀನಿನ ಡಬ್ಬಿಗಳನ್ನೆಲ್ಲ ತೆಗೆದು, ಅರಿಶಿನದ ನೀರಿನಲ್ಲಿ ಫ್ರಿಜ್ಜು ತೊಳೆದು, ಮಗನಿಗೆ ಹೇಳಿದರು: "ಇನ್ ಮೇಲೆ ದಿನಾ ತಾಜಾ ತಾ. ಉಳ್ದದ್ದು ಇಡೂಕೆ ಜಾಗ ಇಲ್ಲ." ಕಾಯಿಲೆಯ ಬಗ್ಗೆ ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಣ್ಣಿನ ಬಣ್ಣ ನಿಧಾನವಾಗಿ ಮರಳಿತು. ಕಾಲು ಒಮ್ಮೆ ಜೋಮು ಹಿಡಿಯಿತು, ಬಿಟ್ಟಿತು. ಸೂಜಿ ಚುಚ್ಚಿಕೊಳ್ಳುವುದು ಹಲ್ಲುಜ್ಜಿದಷ್ಟೇ ಅಭ್ಯಾಸವಾಯಿತು. ಬೆಳಿಗ್ಗೆ ಕಾರವಾರದಿಂದ ಬಸ್ಸು ಹಿಡಿದು ಅಂಕೋಲೆಗೆ, ಸಂಜೆ ಅದೇ ಹೆದ್ದಾರಿಯಲ್ಲಿ ಅಮದಳ್ಳಿ ದಾಟಿ ಮನೆಗೆ. ಕೆಲವು ವರ್ಷ ಹೀಗೇ ಕಳೆದವು. ಇದರೊಂದಿಗೆ ಬದುಕುವುದನ್ನು ಕಲಿತೆ ಅಂದುಕೊಂಡಿದ್ದೆ. ಕಣ್ಣು, ಕಾಲು, ಸುಸ್ತು, ಇವನ್ನೆಲ್ಲ ಕಾಯುತ್ತಿದ್ದೆ. ತಲೆಯೊಳಗಿನದನ್ನು ಕಾಯಬೇಕೆಂದು ತಿಳಿದಿರಲಿಲ್ಲ.

ಶುರುವಾದದ್ದು ನಗೆಯ ವಿಷಯಗಳಿಂದ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಮುಂದೆ ಹೋದೆ. ಯಾರೋ ಮಾತಾಡುತ್ತಿದ್ದರೆ ಕೊನೆಯ ಶಬ್ದ ಕೇಳುವಷ್ಟರಲ್ಲಿ ಮೊದಲಿನದು ಕೈಬಿಟ್ಟು ಹೋಗುತ್ತಿತ್ತು. "ಎಲ್ಲಿದ್ದೆ ಗೋ?" ಎಂದು ಆಯಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಲವತ್ತು ದಾಟಿದ ಹೆಂಗಸರಿಗೆ ಇದೆಲ್ಲ ಆಗುವುದೇ ಎಂದು ಬಸ್ಸಿನ ಗೆಳತಿಯರು ಹೇಳುತ್ತಿದ್ದರು.

ಆಮೇಲೆ ಇಬ್ಬರು ಸೋಮಿಯರು ಬಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಕೋಲೆಯ ಸುತ್ತಲಿನ ಹಾಲಕ್ಕಿ ಒಕ್ಕಲಿಗರಲ್ಲಿ ಹುಟ್ಟಿದ ವಾರದ ಹೆಸರನ್ನು ಮಗುವಿಗೆ ಇಡುವ ರೂಢಿ ಹಿಂದಿನಿಂದ ಬಂದದ್ದು. ಸೋಮವಾರ ಹುಟ್ಟಿದವಳು ಸೋಮಿ, ಮಂಗಳವಾರದವಳು ಮಂಗಳಿ, ಶುಕ್ರವಾರದವಳು ಸುಕ್ರಿ. ಅಡ್ಡಹೆಸರು ಎಲ್ಲರಿಗೂ ಗೌಡ. ಹೀಗಾಗಿ ಒಂದೇ ಬೆಳಿಗ್ಗೆ ಇಬ್ಬರು ಸೋಮಿ ಗೌಡ ಬರುವುದು ನಮ್ಮಲ್ಲಿ ಹೊಸದಲ್ಲ. ಗಂಡನ ಹೆಸರು ಸೇರಿಸಿದರೆ ಬೇರೆ ಬೇರೆ ಆಗುತ್ತಾರೆ. ಆದರೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹಾಲಕ್ಕಿಯವರೆಂದಲ್ಲ, ನಮ್ಮ ಕರಾವಳಿಯ ಯಾವ ಜಾತಿಯ ಅಜ್ಜಿಯೂ ಹೇಳುವುದಿಲ್ಲ. ಹೊರಗಿನಿಂದ ಕೆಲಸಕ್ಕೆ ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ನಾನು ಆಗುತ್ತಿರಲಿಲ್ಲ. ನಾನು ಅಂಕೋಲೆಯಲ್ಲೇ ಹುಟ್ಟಿದವಳು. ಮುಖ ನೋಡಿದರೆ ಸಾಕು, ಇವಳು ಯಾವ ಕೊಪ್ಪದವಳು, ಅಂದರೆ ಯಾವ ಹಾಲಕ್ಕಿ ಕೇರಿಯವಳು, ಯಾರ ಸೊಸೆ, ಹೋದ ಸಲ ಯಾವ ಪರೀಕ್ಷೆಗೆ ಬಂದಿದ್ದಳು ಎಂದು ಹೇಳುತ್ತಿದ್ದೆ. ಎಲ್ಲರ ರಕ್ತ ತೆಗೆದು ಮುಗಿಸಿ, ಆಮೇಲೆ ಒಟ್ಟಿಗೆ ಹೆಸರು ಬರೆಯುತ್ತಿದ್ದೆ. ಹಾಗೆ ಮಾಡಬಾರದೆಂದು ಪುಸ್ತಕದಲ್ಲಿ ಇದೆ. ನನ್ನ ಕೈಯಲ್ಲಿ ಒಂದು ಟ್ಯೂಬೂ ಅದಲುಬದಲಾಗಿರಲಿಲ್ಲ, ಆದ್ದರಿಂದ ಯಾರೂ ಬೇಡ ಎಂದಿರಲಿಲ್ಲ.

ಬೆಟ್ಟದ ಬದಿಯ ಕೊಪ್ಪದ ಸೋಮಿ ಮರುದಿನವೇ ವರದಿ ಹಿಡಿದು ವಾಪಸು ಬಂದಳು. ಕುತ್ತಿಗೆ ತುಂಬ ಕರಿಮಣಿ, ತಲೆಯ ಮೇಲೆ ಮಾರಿ ಉಳಿದ ಬಸಳೆಯ ಬುಟ್ಟಿ. ಬುಟ್ಟಿ ಇಳಿಸದೆಯೇ ನನ್ನ ಮುಂದೆ ನಿಂತು ಶುರು ಮಾಡಿದಳು.

"ಒಡ್ತೀ, ನಂಗೆ ಸಕ್ರೆ ಕಾಯ್ಲೆ ಇಲ್ವಂತೆ! ಡಾಕ್ಟ್ರು ಚೀಟಿ ನೋಡಿ ಹೇಳ್ದ್ರು. ನಾ ಎಷ್ಟ್ ವರ್ಷದಿಂದ ಗುಳ್ಗಿ ತಿಂತೆ, ಕಾಲ್ ಉರೀತದೆ. ಒಂದು ದಿನಕ್ಕೇ ಹೋಯ್ತಾ? ನಿನ್ ಮಷೀನಿಗೆ ಹುಷಾರಿಲ್ಲ, ಅದಕ್ಕೊಂದ್ ಗುಳ್ಗಿ ಕೊಡು!"

ಕಾದು ಕುಳಿತವರೆಲ್ಲ ನಕ್ಕರು. ಮಮತಾ ಡಾಕ್ಟರು ನಗಲಿಲ್ಲ. ಹೊಳೆಯ ಬದಿಯ ಇನ್ನೊಬ್ಬ ಸೋಮಿಯನ್ನೂ ಕರೆಸಿ ಇಬ್ಬರ ರಕ್ತವನ್ನೂ ಮತ್ತೆ ನೋಡಿದರು. ಟ್ಯೂಬು ಅದಲುಬದಲಾಗಿತ್ತು. ಯಾರಿಗೂ ಕೇಡಾಗಲಿಲ್ಲ, ಬೆಟ್ಟದ ಸೋಮಿ ಗುಳಿಗೆ ಬಿಡುವ ಮೊದಲೇ ಜಗಳಕ್ಕೆ ಬಂದಿದ್ದಳು. ಇನ್ನೊಬ್ಬಳು ವರದಿಯನ್ನು ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ.

ನನ್ನನ್ನು ಅಲ್ಲಾಡಿಸಿದ್ದು ಆ ತಪ್ಪಲ್ಲ, ಮರೆವು. ಆ ಎರಡು ಟ್ಯೂಬುಗಳ ಮೇಲಿನ ಅಕ್ಷರ ನನ್ನದೇ, ಆದರೆ ಅದನ್ನು ಬರೆದದ್ದು ನನಗೆ ನೆನಪಿರಲಿಲ್ಲ. ಹೊಳೆಯ ಬದಿಯ ಸೋಮಿ ಹಿಂದಿನ ಬೆಳಿಗ್ಗೆ ನನ್ನ ಮುಂದೆ ಕೂತದ್ದೂ ನೆನಪಿರಲಿಲ್ಲ. ಎದುರಿಗೆ ನಿಂತವಳನ್ನು ನೋಡುತ್ತಿದ್ದೆ. ಅವಳ ತೋಳಿನಲ್ಲಿ ನಾನು ಚುಚ್ಚಿದ ಗುರುತಿತ್ತು. ನನ್ನ ತಲೆಯಲ್ಲಿ ಅವಳ ಗುರುತಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಮತಾ ಡಾಕ್ಟರು ನನ್ನನ್ನು ಕೂರಿಸಿದರು.

"ಶೈಲಾ, ನಾ ಬೈಯೂದಿಲ್ಲ. ಆದ್ರೆ ನಿನ್ನ ಈಗ ಆ ಕುರ್ಚಿಲಿ ಕೂರ್ಸೂಕಾಗೂದಿಲ್ಲ."

"ತೆಗ್ದು ಹಾಕ್ತ್ರಾ?"

"ಮಂಗಳೂರಿಗೆ ಹೋಗಿ ತೋರ್ಸು. ಏನಂತಾರೆ ಕೇಳ್ಕಂಡ್ ಬಾ. ಅಲ್ಲೀ ತನಕ ಕುರ್ಚಿ ಯಾರಿಗೂ ಕೊಡೂದಿಲ್ಲ. ಆಮೇಲಿನದು ಆಮೇಲೆ."

ಆ ಕುರ್ಚಿಗೆ ನಾನು ಮರಳುತ್ತೇನೆಯೇ ಇಲ್ಲವೇ ಎಂಬುದೊಂದೇ ಮುಂದಿನ ತಿಂಗಳುಗಳಲ್ಲಿ ನನ್ನ ಮುಂದಿದ್ದ ಪ್ರಶ್ನೆ. ಕಾಲು ಹೋದರೆ ಕೂತು ಕೆಲಸ ಮಾಡುತ್ತಿದ್ದೆ. ಯಾರ ರಕ್ತ ಯಾರದು ಎಂದು ಗೊತ್ತಾಗದವಳು ಆ ಕೋಣೆಯಲ್ಲಿ ಏನು ಮಾಡುತ್ತಾಳೆ?

ಮಂಗಳೂರಿನ ಆ ಕಾಯುವ ಕೋಣೆ ಬೇರೆಯದೇ. ಕಣ್ಣಿಗಾಗಿ ಬಂದಾಗ ಸುತ್ತ ನನ್ನ ವಯಸ್ಸಿನವರು ಇದ್ದರು. ನೆನಪಿನ ಪರೀಕ್ಷೆಗೆ ಕಾದು ಕೂತವರೆಲ್ಲ ಮುದುಕರು, ಅವರ ಪಕ್ಕದಲ್ಲಿ ಬ್ಯಾಗು ಹಿಡಿದ ಮಕ್ಕಳು. ಪಕ್ಕದ ಅಜ್ಜ ಒಬ್ಬರು ರೋಹಿದಾಸರ ತೊಡೆ ತಟ್ಟಿ, "ಹೆದರ್ಬೇಡ ಮಾರಾಯಾ, ಒಳಗೆ ಏನೂ ಮಾಡುದಿಲ್ಲ, ಬರೀ ಪ್ರಶ್ನೆ ಕೇಳುದು" ಎಂದರು. ರೋಹಿದಾಸ ಹೆದರಿ ಕಾಲು ಕುಣಿಸುತ್ತಿದ್ದುದನ್ನು ನೋಡಿ ಅವರೇ ರೋಗಿ ಅಂದುಕೊಂಡಿದ್ದರು. ಅಷ್ಟರಲ್ಲಿ ನರ್ಸೂ ಬಂದು ರೋಹಿದಾಸರತ್ತಲೇ ಕೈ ಮಾಡಿ "ಬನ್ನಿ" ಅಂದಳು. "ನಾ ಅಲ್ಲ ಬಾಯಿ! ನನ್ನ ಟೆಸ್ಟ್ ಮಾಡಿದ್ರೆ ಪೂರ್ತಿ ನಪಾಸು" ಎಂದು ಅವರು ಎದ್ದು ನಿಂತೇಬಿಟ್ಟರು. ಆ ದಿನ ನಾನು ನಕ್ಕದ್ದು ಅದೊಂದೇ ಸಲ. ಅದಕ್ಕಾಗಿ ಆ ಅಜ್ಜನಿಗೆ ಈಗಲೂ ಋಣಿ.

ಪರೀಕ್ಷೆ ಮಾಡಿದವಳು ಚಿಕ್ಕ ವಯಸ್ಸಿನ ಹುಡುಗಿ. ಕೆಲವು ಶಬ್ದ ಹೇಳಿ ಮತ್ತೆ ಹೇಳಿಸಿದಳು. ಚಿತ್ರದ ಗುರುತುಗಳಿಗೆ ಅಂಕಿ ಹೊಂದಿಸಲು ಕೊಟ್ಟಳು. ಅಂಕಿ ಹೊಂದಿಸುವಾಗ ನನ್ನ ಬೆರಳು ಸರಿಯಾದ ಜಾಗಕ್ಕೇ ಹೋಗುತ್ತಿತ್ತು, ಆದರೆ ನೀರಿನೊಳಗೆ ನಡೆದ ಹಾಗೆ. ಬೇರೆ ಏನೇನೋ ಮಾಡಿಸಿದ ಮೇಲೆ, "ಆಗ ಹೇಳಿದ ಶಬ್ದ ಈಗ ಹೇಳಿ" ಎಂದಳು. ಬಾಯಿ ತೆರೆದೆ. ಛತ್ರಿ ಬಂತು. ನವಿಲು ಬಂತು. ಆಮೇಲೆ ಯಾವುದೂ ಬರಲಿಲ್ಲ. ಹುಡುಗಿ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಹಾಗೆ ಮುಖ ಇಟ್ಟುಕೊಳ್ಳುವುದು ನನಗೂ ಗೊತ್ತು. ಸ್ಲೈಡಿನಲ್ಲಿ ಕೆಟ್ಟ ಕಾಯಿಲೆ ಕಂಡು ಎದ್ದು ಬಂದಾಗ ನಾನೂ ಹಾಗೇ ಇಟ್ಟುಕೊಳ್ಳುತ್ತೇನೆ.

ನರರೋಗದ ಡಾಕ್ಟರು ಹೊಸ ಸ್ಕ್ಯಾನು ನೋಡಿ ಬಹಳ ಹೊತ್ತು ಮಾತಾಡಿದರು. ಹೊಸ ಕಲೆಗಳು ಹೆಚ್ಚಿಲ್ಲ, ಆದರೂ ತಲೆಯ ವೇಗ ಇಳಿದಿದೆ; ಈ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದರು. ಮೆದುಳು ದಿನವಿಡೀ ಕೆಲಸ ಮಾಡಿ ಕಸ ಮಾಡಿಕೊಳ್ಳುತ್ತದೆ, ಅದರ ಸುತ್ತಲಿನ ನೀರು ಆ ಕಸವನ್ನು ತೊಳೆದು ಹೊರಹಾಕುತ್ತದೆ, ಆ ತೊಳೆಯುವ ಕೆಲಸ ಹೆಚ್ಚಾಗಿ ನಿದ್ದೆಯಲ್ಲಿ ನಡೆಯುತ್ತದೆ, ಈ ಕಾಯಿಲೆಯವರಲ್ಲಿ ಅದು ನಿಧಾನ ಆಗಿರಬಹುದು ಎಂದು ಈಗ ಹುಡುಕುತ್ತಿದ್ದಾರೆ ಎಂದರು. ನಾನು ಅದನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿದ್ದೆ. ರೋಹಿದಾಸ ಥಟ್ಟನೆ ಹಿಡಿದರು.

"ಸಾಯ್ಬ್ರೆ, ಬೋಟ್ ತೊಳ್ದ ಹಾಂಗೆ. ಮೀನು ಇಳ್ಸಿದ ಮೇಲೆ ದಿನಾ ತೊಳೀಬೇಕು. ಒಂದಿನ ಬಿಟ್ರೆ ಮರುದಿನದ ಮೀನೂ ನಾರ್ತದೆ."

ಡಾಕ್ಟರು ನಕ್ಕರು. "ಹೆಚ್ಚುಕಡಿಮೆ ಹಾಗೇ. ಆದ್ರೆ ನನ್ನ ಹತ್ರ ತೊಳೆಯುವ ಮದ್ದಿಲ್ಲ. ನಿದ್ದೆ ಮಾಡಿದ್ರೆ ಎಲ್ಲ ಸರಿಯಾಗ್ತದೆ ಅಂತಲೂ ನಾನು ಹೇಳುದಿಲ್ಲ, ಅಷ್ಟು ಗೊತ್ತಿಲ್ಲ. ನಿದ್ದೆ ಕೆಟ್ಟರೆ ಒಳ್ಳೇದಲ್ಲ, ಅಷ್ಟು ಹೇಳ್ತೇನೆ." ಆಮೇಲೆ ನನ್ನತ್ತ ತಿರುಗಿ, "ನೀವು ರಾತ್ರಿ ಹೇಗೆ ಮಲಗ್ತೀರಿ?" ಎಂದರು.

ನಾನು ಉತ್ತರ ಕೊಡುವ ಮೊದಲೇ ರೋಹಿದಾಸ ತಲೆ ತಗ್ಗಿಸಿದ್ದರು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ಮಲಗಿದ ಮನೆಯಿಂದ ಗಂಡಸು ಸಮುದ್ರಕ್ಕೆ ಹೊರಡಬಾರದು. ಅವನ ಹೆಂಡತಿ ಎದ್ದಿರಬೇಕು, ದೇವರ ಮುಂದೆ ದೀಪ ಇರಬೇಕು, ಅವಳ ಕೈಯ ಚಾ ಕುಡಿದು ಅವನು ಹೊರಡಬೇಕು. ಅವನು ಕಣ್ಣಿಗೆ ಮರೆಯಾಗುವ ತನಕ ಅವಳು ಬಾಗಿಲಲ್ಲಿ ನಿಲ್ಲಬೇಕು. ತಾಂಡೇಲನೆಂದರೆ ಬೋಟು ಹೊರಡುವ ಎಷ್ಟೋ ಮೊದಲೇ ಬಂದರಿನಲ್ಲಿ, ಬೋಟು ನಿಲ್ಲುವ ಧಕ್ಕೆಯಲ್ಲಿ ಇರಬೇಕಾದವನು. ಮೀನುಗಾರಿಕೆ ನಿಂತ ಮಳೆಗಾಲದ ದಿನಗಳನ್ನು ಬಿಟ್ಟರೆ, ಮದುವೆಯಾದಂದಿನಿಂದ ಕತ್ತಲೆಯಲ್ಲೇ ಎದ್ದವಳು ನಾನು. ಮತ್ತೆ ಮಲಗುವ ಮಾತಿಲ್ಲ. ಅಡುಗೆ, ಬಸ್ಸು, ಲ್ಯಾಬು. ಇದನ್ನು ನಾನು ಕಷ್ಟವೆಂದು ಎಣಿಸಿದವಳಲ್ಲ. ಅವರು ಚಾ ಲೋಟ ಕೆಳಗಿಟ್ಟು "ಬರ್ತೆ" ಎನ್ನುವ ಆ ಹೊತ್ತು ಇಡೀ ದಿನದಲ್ಲಿ ನಮ್ಮಿಬ್ಬರದೇ ಆಗಿತ್ತು.

ಮಂಗಳೂರಿನಿಂದ ಮರಳುವ ರೈಲಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದರು. ಕುಮಟೆ ದಾಟಿದ ಮೇಲೆ, "ನಾನೇ ಚಾ ಮಾಡ್ಕಂಡ್ರೆ ಆಯ್ತಪ್ಪ" ಎಂದರು. ಹಾಗೆ ಹೇಳಿದ ಅವರಿಗೇ ಅದು ಆಗದ ಮಾತು ಎಂದು ಗೊತ್ತಿತ್ತು. ಆಯಿಯನ್ನು ದಾಟಬೇಕಿತ್ತು.

ಆಯಿ ಎಲ್ಲವನ್ನೂ ಕೇಳಿದರು. ಕಸ, ನೀರು, ನಿದ್ದೆ. ಮೀನು ಕೊಯ್ಯುವ ಮೆಟ್ಟುಗತ್ತಿಯ ಮೇಲೆ ಕೂತೇ ಕೇಳಿದರು.

"ಆಗೂದಿಲ್ಲ" ಎಂದರು.

"ಆಯಿ, ಡಾಕ್ಟ್ರು ಹೇಳಿದ್ದು..."

"ಡಾಕ್ಟ್ರು ಯಾವತ್ತು ಸಮುದ್ರಕ್ಕೆ ಹೋಗಿದ್ರು? ನಾ ನಿನ್ ಅಪ್ಪನಿಗೆ ಒಂದಿನ ತಪ್ಸದೆ ಎದ್ದಿದ್ದೆ. ಜ್ವರ ಬಂದಾಗೂ ಎದ್ದೆ, ನೀ ಹೊಟ್ಟೆಲಿದ್ದಾಗೂ ಎದ್ದೆ. ಅವ್ರು ಹೋದಷ್ಟು ಸಲನೂ ವಾಪಸ್ ಬಂದ್ರು. ಕಡೆಗೆ ಹಾಸ್ಗೆ ಮೇಲೆ ಸತ್ರು. ಈ ಕೇರಿಲಿ ಎಷ್ಟ್ ಗಂಡಸ್ರು ಹಾಸ್ಗೆ ಮೇಲೆ ಸತ್ತಾರೆ, ಹೇಳ್ ನೋಡ್ವಾ."

ಹೊರಗಿನವರಿಗೆ ಇದು ಮೂಢನಂಬಿಕೆ ಎನಿಸಬಹುದು. ಅಂದು ನನಗೆ ಹಾಗೆ ಎನಿಸಲಿಲ್ಲ. ಅವರು ನನ್ನ ನಿದ್ದೆಯನ್ನು ಕಸಿಯುತ್ತಿರಲಿಲ್ಲ. ತಮ್ಮ ಮಗನನ್ನು ಹಿಡಿದುಕೊಂಡಿದ್ದರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆ ಇತ್ತು. ನಾನು ಮಲಗಿದ್ದ ದಿನವೇ ಏನಾದರೂ ಆದರೆ?

"ಹಾಂಗಾದ್ರೆ ನೀನೇ ಏಳು" ಎಂದರು ರೋಹಿದಾಸ.

"ಹೆಂಡ್ತಿ ಇರೂವಾಗ ತಾಯಿ ಏಳೂದು ಎಲ್ಲದೆ? ಮತ್ತೆ ನಾನೂ ಮುದುಕಿ, ನಂಗೂ ತಲೇಲಿ ಕಸ ಇಲ್ವಾ?"

ಅಲ್ಲಿಗೆ ನಿಂತಿತು. ಎರಡು ವಾರ ನಾನು ಮೊದಲಿನಂತೆಯೇ ಎದ್ದೆ. ಲ್ಯಾಬಿಗೆ ಹೋಗದೆ ಮನೆಯಲ್ಲಿದ್ದುದರಿಂದ ಮಧ್ಯಾಹ್ನ ಮಲಗಲು ನೋಡಿದೆ, ಬರಲಿಲ್ಲ. ರೋಹಿದಾಸ ಸಿಟ್ಟಿನಲ್ಲಿ ಚಾ ಬಿಟ್ಟು ಹೋಗಲು ನೋಡಿದರು, ನಾನೇ ಬಿಡಲಿಲ್ಲ.

ದಾರಿ ಅವರಿಗೇ ಹೊಳೆಯಿತು. ಒಂದು ಸಂಜೆ ಊಟ ಮುಗಿಸಿ, ಚಾದರವನ್ನೂ ಮರುದಿನದ ಅಂಗಿಯನ್ನೂ ಚೀಲಕ್ಕೆ ತುಂಬಿದರು. ಆಯಿ ಇನ್ನೂ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ದೀಪವಿತ್ತು. ಟೀವಿಯಲ್ಲಿ ಧಾರಾವಾಹಿ ನಡೆದಿತ್ತು.

"ಶೈಲಾ, ಚಾ ಮಾಡು" ಎಂದರು.

"ಈಗ? ಊಟ ಆದ್ಮೇಲೆ?"

"ಮಾಡ್ ಮಾರಾಯ್ತಿ. ನಾ ಈಗ ಹೊರಟೆ. ಬೋಟಿನಲ್ಲೇ ಮಲಗ್ತೆ, ಅಲ್ಲಿಂದನೇ ಹೋಗ್ತೆ." ಆಮೇಲೆ ತಾಯಿಯತ್ತ ತಿರುಗಿದರು. "ಆಯಿ, ಮನೆ ಎಚ್ಚರ ಅದ್ಯಾ ಇಲ್ವಾ, ನೀನೇ ಹೇಳು."

ಆಯಿ ಎಲೆ ಅಗಿಯುವುದನ್ನು ನಿಲ್ಲಿಸಿದರು. ದೀಪ ನೋಡಿದರು, ನನ್ನನ್ನು ನೋಡಿದರು, ಟೀವಿ ನೋಡಿದರು. ಹುಳುಕು ಹುಡುಕುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಸಿಗಲಿಲ್ಲ.

"ಟೀವಿ ಬಂದ್ ಮಾಡು. ಹೊರಡೂವಾಗ ಆ ಧಾರಾವಾಹಿಯವ್ಳ ಕಿರಿಚಾಟ ಬೇಡ" ಎಂದರು.

ನಾನು ಚಾ ಮಾಡಿದೆ. ಬಾಗಿಲಲ್ಲಿ ನಿಂತೆ. ಕೆಳಗೆ ಬಂದರಿನ ದೀಪಗಳತ್ತ ಇಳಿಯುವ ದಾರಿಯಲ್ಲಿ ಅವರ ಬೆನ್ನು ಮರೆಯಾಯಿತು. ಮದುವೆಯಾದ ಮೇಲೆ, ಬೋಟು ನಿಲ್ಲದ ಕಾಲದಲ್ಲಿ, ಬೆಳಕು ಬರುವ ತನಕ ನಾನು ಮಲಗಿದ್ದು ಅಂದಿನಿಂದ. ಮೊದಲ ಕೆಲವು ದಿನ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಕೈ ಪಕ್ಕಕ್ಕೆ ಹೋಗುತ್ತಿತ್ತು, ಹಾಸಿಗೆ ತಣ್ಣಗಿರುತ್ತಿತ್ತು. "ಕಣ್ಣ್ ಮುಚ್ಚು ಗೋ" ಎಂದು ಆಯಿಯ ದನಿ ಆಚೆ ಕೋಣೆಯಿಂದ ಬರುತ್ತಿತ್ತು. ಅವರು ಹೇಗೂ ಎದ್ದಿರುತ್ತಿದ್ದರು.

ಇದರ ಬೆಲೆಯನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಉಪಯೋಗವಿಲ್ಲ. ಗಂಡ ಹೆಂಡತಿ ಒಂದೇ ಸೂರಿನಡಿ ಮಲಗುವುದು ನಮಗೆ ಈಗ ರಜೆಯ ದಿನದ ಮಾತು. ಮಳೆಗಾಲದಲ್ಲಿ ಬೋಟು ನಿಂತಾಗ ಅವರು ಮನೆಗೆ ನೆಂಟರಂತೆ ಬಂದರು. ನಿದ್ದೆ ಸಿಕ್ಕಿತು, ಇದು ಹೋಯಿತು. ನಾವಿಬ್ಬರೂ ಕೂತು, ಮಾತಾಡಿ, ಹೀಗೇ ಇರಲಿ ಎಂದು ಆಯ್ದುಕೊಂಡೆವು.

ಅದೇ ತಿಂಗಳುಗಳಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಯಾವಾಗ ಕೈಬಿಟ್ಟು ಹೋಗುತ್ತದೆ ಎಂದು ನನ್ನನ್ನೇ ನೋಡಿಕೊಂಡೆ. ಎರಡು ಕೆಲಸ ಒಟ್ಟಿಗೆ ಹಿಡಿದರೆ ಹೋಗುತ್ತದೆ. ಅವಸರ ಮಾಡಿದರೆ ಹೋಗುತ್ತದೆ. ಆಮೇಲೆ ಮಾಡುತ್ತೇನೆ ಎಂದು ತಲೆಯಲ್ಲಿ ಇಟ್ಟದ್ದು ಹೋಗುತ್ತದೆ. ಕಣ್ಣ ಮುಂದಿರುವ ಒಂದೇ ಕೆಲಸ, ನಿಧಾನವಾಗಿ, ಕೊನೆಯ ತನಕ ಮಾಡಿದರೆ ಹೋಗುವುದಿಲ್ಲ. ಮನೆಯಲ್ಲೇ ಪ್ರಯೋಗ ಮಾಡಿದೆ. ಒಲೆಯ ಮೇಲೆ ಅನ್ನ ಇದ್ದಾಗ ಫೋನು ಎತ್ತಲಿಲ್ಲ. ಉಪ್ಪು ಹಾಕಿದ ಕೂಡಲೇ "ಉಪ್ಪು ಹಾಕಿದೆ" ಎಂದು ಗಟ್ಟಿಯಾಗಿ ಹೇಳಿದೆ. "ಯಾರಿಗೆ ಹೇಳ್ತ್ಯೇ?" ಎಂದು ಆಯಿ ಕೇಳುತ್ತಿದ್ದರು. ಆಮೇಲೆ ಅವರೇ "ಕೇಳ್ತು ಕೇಳ್ತು" ಎನ್ನತೊಡಗಿದರು.

ಮಳೆ ಮುಗಿದ ಮೇಲೆ ಮಂಗಳೂರಿನಲ್ಲಿ ಮತ್ತೆ ಅದೇ ಪರೀಕ್ಷೆ. ಶಬ್ದಗಳು ಬೇರೆ, ಹುಡುಗಿ ಅವಳೇ. ವೇಗ ಹೆಚ್ಚಿರಲಿಲ್ಲ. ಶಬ್ದಗಳು ಮೊದಲಿಗಿಂತ ತುಸು ಹೆಚ್ಚು ಉಳಿದಿದ್ದವು. ಡಾಕ್ಟರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, "ಇಳೀಲಿಲ್ಲ. ನಿದ್ದೆಯಿಂದಲೇ ಅಂತ ನಾನು ಬರೆದು ಕೊಡ್ಲಿಕ್ಕೆ ಆಗುದಿಲ್ಲ. ಆದ್ರೆ ಇಳೀಲಿಲ್ಲ" ಎಂದರು. ಮೇಲೇರುತ್ತದೆಂದು ಆಸೆಯಿಟ್ಟು ಹೋದವಳಿಗೆ ಅದು ಸಣ್ಣ ಮಾತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ. ಆಮೇಲೆ ಆ ಮಾತನ್ನೇ ಹಿಡಿದುಕೊಂಡು ಅಂಕೋಲೆಗೆ ಹೋದೆ.

ಮಮತಾ ಡಾಕ್ಟರು ಹಾಳೆ ಓದಿದರು. ನನ್ನ ಕುರ್ಚಿ ಖಾಲಿಯೇ ಇತ್ತು. ಅದರ ಮೇಲೆ ಕೈಗವಸಿನ ಪೆಟ್ಟಿಗೆಗಳನ್ನು ಇಟ್ಟಿದ್ದರು.

"ನೀನೇ ಹೇಳು, ಏನ್ ಮಾಡೂದು?" ಎಂದರು.

ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದನ್ನು ಹೇಳಿದೆ. ನಾನು ಯಾರನ್ನೂ ಮುಖದಿಂದ ಗುರುತಿಸುವುದಿಲ್ಲ. ಒಬ್ಬರು ಕೂತಾಗ ಇನ್ನೊಬ್ಬರು ಒಳಗೆ ಬರುವ ಹಾಗಿಲ್ಲ. ಕೂತವರು ತಮ್ಮ ಪೂರ್ತಿ ಹೆಸರನ್ನೂ ಊರನ್ನೂ ಹೇಳಬೇಕು. ಅವರೆದುರೇ ಟ್ಯೂಬಿನ ಮೇಲೆ ಬರೆದು, ಓದಿ ಹೇಳಿ, ಅವರು ಹೌದು ಎಂದ ಮೇಲೆ ಸೂಜಿ. ಅವರು ಏಳುವ ಮೊದಲು ಇನ್ನೊಮ್ಮೆ ಓದುವುದು. ಅಪ್ಪ ಬಂದರೂ ಇದೇ.

"ಸಾಲು ರಸ್ತೆಗೆ ಹೋಗ್ತದೆ, ಶೈಲಾ."

"ಹೋಗ್ಲಿ."

"ಗುರ್ತಿನವ್ರಿಗೆ ಸಿಟ್ಟ್ ಬರ್ತದೆ. ನಮ್ಮೂರವ್ರನ್ನ ನೀ ಯಾರು ಅಂತ ಕೇಳ್ದ್ರೆ ಬಿಡ್ತಾರಾ?"

"ಬರ್ಲಿ. ಆಗೂದಿಲ್ಲ ಅಂತ ನಂಗೆ ಕಂಡ ದಿನ ನಾನೇ ಬಂದು ಹೇಳ್ತೆ. ನೀವು ಹುಡ್ಕೂದು ಬೇಡ."

ಅವರು ಎದ್ದು ಪೆಟ್ಟಿಗೆಗಳನ್ನು ಕುರ್ಚಿಯಿಂದ ತೆಗೆದರು. ಒಂದು ತಿಂಗಳು ನೋಡೋಣ ಎಂದರು. ಆ ತಿಂಗಳಿಡೀ ನನ್ನ ಪ್ರತಿ ಟ್ಯೂಬನ್ನೂ ತಾವೇ ಇನ್ನೊಮ್ಮೆ ತಾಳೆ ನೋಡುವುದಾಗಿ ಹೇಳಿದರು. ನನಗೆ ಅವಮಾನವಾಗಲಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಮಮತಾ ಡಾಕ್ಟರು ಹೇಳಿದ್ದು ಮೊದಲ ವಾರವೇ ನಿಜವಾಯಿತು. ಅಂದು ಸಂತೆಯ ದಿನ, ಸಾಲು ಬಾಗಿಲಾಚೆ ಇತ್ತು. ಸಾಲಿನ ನಡುವಿನಿಂದ ನನ್ನ ತಾಯಿಯ ತಂಗಿ ದೇವಕಿ ಚಿಕ್ಕಮ್ಮ ಒಳಗೆ ಬಂದು ಕೂತರು. ನನ್ನನ್ನು ಮೊದಲು ಎಣ್ಣೆ ಹಚ್ಚಿ ಮೀಯಿಸಿದವರು, ನಾನು ಶಾಲೆಗೆ ಹೋಗುವಾಗ ಜಡೆ ಹಾಕಿದವರು.

"ನಿಮ್ಮ ಪೂರ್ತಿ ಹೆಸರು ಹೇಳಿ" ಎಂದೆ.

ಚಿಕ್ಕಮ್ಮ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳುತ್ತಿದ್ದೇನೆಂದು.

"ನಿಮ್ಮನ್ನೇ ಚಿಕ್ಕಮ್ಮ."

"ಎಂತದೇ? ನನ್ ಹೆಸ್ರು ಕೇಳ್ತ್ಯಾ? ನಿನ್ ಕುಂಡಿ ತೊಳ್ದವ್ಳು ನಾನು!"

ಬಾಗಿಲಾಚೆ ಸಾಲಿಗೆ ಸಾಲೇ ನಕ್ಕಿತು. ಪೆನ್ನು ಕೈಯಲ್ಲೇ ಇತ್ತು, ಟ್ಯೂಬಿನ ಮೇಲೆ ದೇವಕಿ ಎಂದು ಬರೆಯಲು ಬೆರಳು ತಾನೇ ಮುಂದೆ ಹೋಗುತ್ತಿತ್ತು. ಇವರೊಬ್ಬರಿಗೆ ಬಿಟ್ಟರೆ ನಾಳೆ ಇನ್ನೊಬ್ಬರಿಗೆ ಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ಬೆರಳು ಹಿಂದೆ ತಂದೆ.

"ಹೌದು. ಆದ್ರೂ ನೀವೇ ಹೇಳ್ಬೇಕು. ಹೇಳ್ದೆ ನಾ ಸೂಜಿ ಮುಟ್ಟೂದಿಲ್ಲ."

"ನಿಂಗೆ ತಲೆ ಸರಿ ಇಲ್ವಾ?"

"ಇಲ್ಲ ಚಿಕ್ಕಮ್ಮ. ಅದಕ್ಕೇ ಕೇಳೂದು."

ನಗು ನಿಂತಿತು. ಇದನ್ನು ನಾನು ಊರಿನ ಎದುರು ಹೇಳಿದ್ದು ಅದೇ ಮೊದಲು. ಕಾಯಿಲೆಯ ಸುದ್ದಿ ಚಿಕ್ಕಮ್ಮನಿಗೆ ಗೊತ್ತಿತ್ತು, ಇಷ್ಟು ಗೊತ್ತಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗಾದರು.

"ದೇವಕಿ" ಎಂದರು.

"ಪೂರ್ತಿ."

"ದೇವಕಿ..." ಎಂದು ನಿಲ್ಲಿಸಿ ಸೆರಗನ್ನು ಬಾಯಿಗೆ ತಂದರು. ಮುಂದಿನದು ಚಿಕ್ಕಪ್ಪನ ಹೆಸರು. ಹುಟ್ಟಿದಾಗಿನಿಂದ ಆ ಹೆಸರನ್ನು ನಾನು ಅವರ ಬಾಯಲ್ಲಿ ಕೇಳಿದ್ದಿಲ್ಲ. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು, "ನಾ ಹೇಳ್ತೆ ಅಕ್ಕ, ಅವ್ರು ಮಂಜುನಾಥ..." ಎಂದು ಶುರುಮಾಡಿದಳು. ಚಿಕ್ಕಮ್ಮ ಕೈಯೆತ್ತಿ ಅವಳನ್ನು ತಡೆದರು.

"ಬೇಡ. ಮಗೀಗೆ ನನ್ ಬಾಯಿಂದನೇ ಬೇಕಂತೆ."

ಸೆರಗು ತೆಗೆದರು. ಕಿಟಕಿಯತ್ತ ಮುಖ ಮಾಡಿ, ಶಾಲೆಯಲ್ಲಿ ಹಾಜರಿ ಹೇಳುವ ಮಗುವಿನ ಹಾಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು: "ದೇವಕಿ ಮಂಜುನಾಥ ಹರಿಕಂತ್ರ. ಬೇಲೆಕೇರಿ."

ನಾನು ಬರೆದೆ. ಒಂದೊಂದೇ ಅಕ್ಷರ ಬರೆದು, ಟ್ಯೂಬನ್ನು ಅವರ ಕಣ್ಣ ಮುಂದೆ ಹಿಡಿದು, ಗಟ್ಟಿಯಾಗಿ ಓದಿದೆ. ಅವರು ಹೌದು ಎಂದು ತಲೆಯಾಡಿಸಿ, ತೋಳು ಚಾಚಿದರು.